ಕಾಡಿನ ಡ್ಯೂಟಿ, ಖಜಾನೆಯ ಸಂಬಳ

(ಗುಂಡ್ಲುಪೇಟೆ ಕಡೆಯ ಪದವಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳು. ಮಾತಾಡುವಾಗ ಬಿಟ್ಟುಹೋದ ಒಂದೆರಡು ಲೆಕ್ಕಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಿಮ್ಮ ಪ್ರಿನ್ಸಿಪಾಲರು ಫೋನ್ ಮಾಡಿ, 'ಹುಲಿ, ಕಾಡು ಅಂತ ನಾಲ್ಕು ಮಾತು ಹೇಳಿ ಸರ್' ಅಂದಿದ್ದರು. ಬೇರೆ ವಿಷಯ ಮಾತಾಡ್ತೀನಿ ಅಂತ ನಾನೇ ಕೇಳಿಕೊಂಡೆ. ಹುಲಿ ಬಗ್ಗೆ ಹೇಳೋಕೆ ಬೇಕಾದಷ್ಟು ಜನ ಇದ್ದಾರೆ. ಆದರೆ ಹುಲಿ ಕಾಯುವವನ ಮನೆಗೆ ತಿಂಗಳಿಗೆ ಎಷ್ಟು ದುಡ್ಡು ಬರುತ್ತದೆ, ಅವನಿಗೆ ಏನಾದರೂ ಆದರೆ ಹೆಂಡತಿ ಮಕ್ಕಳ ಕೈಗೆ ಏನು ಸಿಗುತ್ತದೆ, ಇದನ್ನು ಯಾರೂ ಕೂತು ಹೇಳುವುದಿಲ್ಲ. ನೀವು ಅರ್ಜಿ ಹಾಕುವ ವಯಸ್ಸಿನವರು. ನಿಮಗೆ ಮೊದಲು ಬೇಕಾಗಿರುವುದು ಈ ಲೆಕ್ಕ.

ನಾನು 1988ರಲ್ಲಿ ಫಾರೆಸ್ಟ್ ಗಾರ್ಡ್ ಆಗಿ ಸೇರಿದವನು. ಉಪ ವಲಯ ಅರಣ್ಯಾಧಿಕಾರಿಯಾಗಿ 2020ರಲ್ಲಿ ನಿವೃತ್ತಿ ಆದೆ. ಊರಲ್ಲಿ ಇವತ್ತಿಗೂ ನನ್ನನ್ನು 'ಗಾರ್ಡಪ್ಪ' ಅಂತಾನೇ ಕರೆಯುತ್ತಾರೆ. ನನಗೆ ಆ ಹೆಸರೇ ಇಷ್ಟ.

ಮೊದಲು ಒಂದು ವಿಷಯ ಸರಿಯಾಗಿ ತಿಳಿದುಕೊಳ್ಳಿ. ಗಾರ್ಡ್ ಅಂದರೆ ಗೇಟು ಕಾಯುವವನಲ್ಲ. ಈಗ ಆ ಹುದ್ದೆಗೆ 'ಗಸ್ತು ಅರಣ್ಯ ಪಾಲಕ' ಅಂತ ಹೆಸರಿದೆ. ಒಂದು ಬೀಟು, ಅಂದರೆ ಗಸ್ತು ತಿರುಗಲು ಗೊತ್ತುಮಾಡಿದ ಕಾಡಿನ ಒಂದು ಭಾಗ, ಅವನ ಹೆಸರಲ್ಲಿರುತ್ತದೆ. ಅಲ್ಲಿ ನಡೆಯುವ ಒಳ್ಳೆಯದು ಕೆಟ್ಟದ್ದು ಎರಡಕ್ಕೂ ಅವನೇ ಜವಾಬ್ದಾರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 50ನೇ ಸೆಕ್ಷನ್ ಅರಣ್ಯ ಸಿಬ್ಬಂದಿಗೆ ಗಾಡಿ ತಡೆಯುವ, ತಪಾಸಣೆ ಮಾಡುವ, ಮಾಲು ಜಪ್ತಿ ಮಾಡುವ, ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರ ಕೊಟ್ಟಿದೆ. ಹಿಡಿದವನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಒಂದನೇ ಶೆಡ್ಯೂಲಿನ ಪ್ರಾಣಿ, ಅಂದರೆ ಹುಲಿ, ಆನೆ, ಚಿರತೆ ಇಂಥವು ಬೇಟೆಯಾದರೆ 3ರಿಂದ 7 ವರ್ಷ ಜೈಲು. ಇಷ್ಟು ದೊಡ್ಡ ಕೇಸಿನ ಮೊದಲ ಕಾಗದ, ಸ್ಥಳದಲ್ಲಿ ಕಂಡದ್ದು ಸಿಕ್ಕಿದ್ದನ್ನೆಲ್ಲ ಬರೆಯುವ ಆ ಮಹಜರು, ಎಷ್ಟೋ ಸಲ ಗಾರ್ಡ್ ಕೈಯಲ್ಲೇ ಶುರುವಾಗುತ್ತದೆ. ಟಾರ್ಚ್ ಬೆಳಕಲ್ಲಿ, ಜೀಪಿನ ಬಾನೆಟ್ ಮೇಲೆ ಪೇಪರ್ ಇಟ್ಟುಕೊಂಡು ಬರೆಯುವ ಕೆಲಸ ಅದು. ಸಂಬಳದ ಮಾತಾಡುವಾಗ ಈ ಕೆಲಸ ನೆನಪಿರಲಿ.

ಈಗ ಲೆಕ್ಕಕ್ಕೆ ಬರೋಣ. ಪೆನ್ನಿದ್ದವರು ಬರೆದುಕೊಳ್ಳಿ.

ರಾಜ್ಯದ 7ನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂತು. ಅದಕ್ಕೆ ಮುಂಚೆ ಗಾರ್ಡ್ ಹುದ್ದೆಯ ವೇತನ ಶ್ರೇಣಿ 23,500ರಿಂದ 47,650 ಇತ್ತು. ಈಗ ಅದು 37,500ರಿಂದ 76,100. ಪೊಲೀಸ್ ಕಾನ್‌ಸ್ಟೇಬಲ್‌ಗೂ ಇದೇ ಸ್ಕೇಲು. ಅರಣ್ಯ ವೀಕ್ಷಕ, ನಾವು ವಾಚರ್ ಅಂತೀವಲ್ಲ, ಅವರದ್ದು 18,600ರಿಂದ 32,600 ಇದ್ದದ್ದು 29,600ರಿಂದ 52,650 ಆಗಿದೆ. ಇದು ಬರೀ ಮೂಲ ವೇತನ. ಇದರ ಮೇಲೆ ತುಟ್ಟಿಭತ್ಯೆ. 2025ರ ಜನವರಿಯ ದರ 12.25 ಪರ್ಸೆಂಟ್ ಅಂತ ಹಿಡಿದರೆ ಹೊಸ ಗಾರ್ಡ್‌ಗೆ ಸುಮಾರು 4,594 ರೂಪಾಯಿ. ಮನೆ ಬಾಡಿಗೆ ಭತ್ಯೆ ನಮ್ಮಂಥ ಸಣ್ಣ ಊರುಗಳಿಗೆ 7.5 ಪರ್ಸೆಂಟ್, ಅಂದರೆ 2,812. ಎಲ್ಲ ಕೂಡಿದರೆ ಹೆಚ್ಚುಕಮ್ಮಿ 44,900. ಇಲಾಖೆ ಕ್ವಾರ್ಟರ್ಸ್ ಕೊಟ್ಟರೆ ಆ ಬಾಡಿಗೆ ಭತ್ಯೆ ಇಲ್ಲ.

ಇಷ್ಟೂ ಕೈಗೆ ಬರುವುದಿಲ್ಲ. ಮೂಲ ವೇತನ ಮತ್ತು ತುಟ್ಟಿಭತ್ಯೆಯ 10 ಪರ್ಸೆಂಟ್, ಅಂದರೆ 4,209 ರೂಪಾಯಿ, ಹೊಸ ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ಗೆ ಹೋಗುತ್ತದೆ. ಸರ್ಕಾರ ತನ್ನ ಕಡೆಯಿಂದ 14 ಪರ್ಸೆಂಟ್ ಹಾಕುತ್ತದೆ. ವೃತ್ತಿ ತೆರಿಗೆ 200 ಇದೆ. ರಾಜ್ಯ ಸರ್ಕಾರಿ ನೌಕರರ ಕೆಜಿಐಡಿ ವಿಮೆಯ ಕಂತು ಇದೆ, ಅದು ಕಡ್ಡಾಯ. ಹೀಗೆ ಹಿಡಿದು ಹಿಡಿದು ನಲವತ್ತು ಸಾವಿರಕ್ಕಿಂತ ಕಡಿಮೆಯೇ ಅಕೌಂಟಿಗೆ ಬೀಳುತ್ತದೆ. ನಾನು ಸೇರಿದಾಗ ತಿಂಗಳ ಸಂಬಳ ಸಾವಿರದ ಚಿಲ್ಲರೆ. ಈಗಿನದು ಕೆಟ್ಟ ಸಂಬಳ ಅಂತ ನಾನು ಹೇಳಲಾರೆ. ಪಿಯುಸಿ ಮುಗಿಸಿದ ಹಳ್ಳಿ ಹುಡುಗ, ಹುಡುಗಿಗೆ ಇದು ಒಂದು ಸಂಸಾರ ನಿಲ್ಲಿಸುವ ದುಡ್ಡು.

ಪಿಂಚಣಿ ವಿಷಯದಲ್ಲಿ ಮಾತ್ರ ನಿಮಗೂ ನನಗೂ ದೊಡ್ಡ ವ್ಯತ್ಯಾಸ ಇದೆ. ನನ್ನದು ಹಳೇ ಪಿಂಚಣಿ. ಕೊನೆಯ ಸಂಬಳದ ಮೇಲೆ ಲೆಕ್ಕ ಹಾಕಿ ಸಾಯುವವರೆಗೂ ಕೊಡುತ್ತಾರೆ, ನನ್ನ ನಂತರ ಹೆಂಡತಿಗೆ ಕುಟುಂಬ ಪಿಂಚಣಿ. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಎನ್‌ಪಿಎಸ್. ಅದರಲ್ಲಿ ಕೂಡಿಟ್ಟ ದುಡ್ಡು ಮಾರುಕಟ್ಟೆಯಲ್ಲಿ ಎಷ್ಟು ಬೆಳೆಯುತ್ತದೋ ಅಷ್ಟರ ಮೇಲೆ ಪಿಂಚಣಿ. ಎಷ್ಟು ಬರುತ್ತದೆ ಅಂತ ಮೊದಲೇ ಹೇಳೋಕೆ ಆಗಲ್ಲ. ಅರವತ್ತು ವರ್ಷಕ್ಕೆ ಮೊಣಕಾಲು ಸವೆದು ಮನೆಗೆ ಬರುವ ಮನುಷ್ಯನಿಗೆ ಈ 'ಗೊತ್ತಿಲ್ಲ' ಅನ್ನುವುದು ಬಹಳ ಭಾರ. ಹಳೇ ಪಿಂಚಣಿ ಬೇಕು ಅಂತ ನೌಕರರು ಕೇಳುತ್ತಲೇ ಇದ್ದಾರೆ. ಕೇಳಬೇಕಾದ್ದೇ ಅಂತ ನನ್ನ ಅಭಿಪ್ರಾಯ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ವರ್ಷಕ್ಕೆ 30 ದಿನ ಗಳಿಕೆ ರಜೆ, 10 ದಿನ ಸಾಂದರ್ಭಿಕ ರಜೆ. ಗಳಿಕೆ ರಜೆ ಉಳಿಸಿಕೊಂಡರೆ ನಿವೃತ್ತಿಯಲ್ಲಿ 300 ದಿನದವರೆಗೆ ನಗದು. ಬಡ್ತಿ ಸಿಗದೇ ಇದ್ದರೂ ಹತ್ತು, ಹದಿನೈದು, ಇಪ್ಪತ್ತು ವರ್ಷಕ್ಕೆ ಕಾಲಬದ್ಧವಾಗಿ ಸಂಬಳ ಏರುತ್ತದೆ. ಹೆಣ್ಣುಮಕ್ಕಳಿಗೆ 180 ದಿನ ಹೆರಿಗೆ ರಜೆ, ಅದರ ಜೊತೆಗೆ ಮಕ್ಕಳ ಪಾಲನೆಗೆ ಆರು ತಿಂಗಳ ರಜೆ. ಪೊಲೀಸರಿಗೆ ಇರುವಂಥ ಕಷ್ಟ ಪರಿಹಾರ ಭತ್ಯೆ ನಮ್ಮ ಮುಂಚೂಣಿ ಸಿಬ್ಬಂದಿಗೂ ಬಂದಿದೆ, ಹುದ್ದೆಗೆ ತಕ್ಕ ಹಾಗೆ. ಆಸ್ಪತ್ರೆ ಖರ್ಚಿಗೆ 2025ರ ಅಕ್ಟೋಬರಿಂದ ಆರೋಗ್ಯ ಸಂಜೀವಿನಿ ಶುರುವಾಗಿದೆ, ನಗದು ಕಟ್ಟದೆ ಚಿಕಿತ್ಸೆ. ನಮ್ಮ ಕಾಲದಲ್ಲಿ ಎಷ್ಟೋ ಕಾಯಿಲೆಗೆ ಮೊದಲು ಸಾಲ ಮಾಡಿ ಬಿಲ್ ಕಟ್ಟಬೇಕಿತ್ತು. ಆಮೇಲೆ ಆ ಬಿಲ್ಲು ಹಿಡಿದುಕೊಂಡು ಟೇಬಲ್ಲಿಂದ ಟೇಬಲ್ಲಿಗೆ ಅಲೆಯಬೇಕಿತ್ತು.

ಇದೆಲ್ಲ ಸಂಬಳ ಚೀಟಿಯಲ್ಲಿ ಕಾಣುವುದು. ಕಾಣದ್ದೊಂದು ಇದೆ.

ಬಂಡೀಪುರದ ಕಳ್ಳಬೇಟೆ ತಡೆ ಶಿಬಿರ ಯಾರಾದರೂ ನೋಡಿದ್ದೀರಾ? ಇಲ್ಲ ಅಲ್ವಾ, ಸಫಾರಿ ಗಾಡಿ ಅಲ್ಲಿಗೆ ಹೋಗಲ್ಲ. ಒಂದು ಸಣ್ಣ ಕಟ್ಟಡ, ಸುತ್ತ ಆನೆ ಕಂದಕ. ಮೇಲೆ ಸೋಲಾರ್, ಒಳಗೆ ವೈರ್‌ಲೆಸ್ ಸೆಟ್ಟು. ನಾಲ್ಕೈದು ಜನ. ಅದರಲ್ಲಿ ಒಬ್ಬ ಖಾಯಂ ಗಾರ್ಡ್ ಇದ್ದರೆ ಉಳಿದವರು ಹೊರಗುತ್ತಿಗೆ ವಾಚರ್‌ಗಳು. ಬೆಳಿಗ್ಗೆ ನಡೆಯಬೇಕು, ಸಂಜೆ ನಡೆಯಬೇಕು, ಸುದ್ದಿ ಬಂದರೆ ರಾತ್ರಿಯೂ ನಡೆಯಬೇಕು. ಹೆಂಡತಿ ಮಕ್ಕಳು ಸ್ಕೂಲಿಗೋಸ್ಕರ ಗುಂಡ್ಲುಪೇಟೆಯಲ್ಲೋ ಮೈಸೂರಲ್ಲೋ ಬಾಡಿಗೆ ಮನೆಯಲ್ಲಿ. ಅಂದರೆ ಎರಡು ಒಲೆ. ಒಂದು ಸಂಬಳ, ಎರಡು ಒಲೆ. ಪೇಟೆಯ ಸ್ಟೇಷನ್ನಿನಲ್ಲಿರುವ ಕಾನ್‌ಸ್ಟೇಬಲ್‌ಗೂ ನಮಗೂ ಸ್ಕೇಲು ಒಂದೇ ಅಂದೆನಲ್ಲ, ಆ ಸಂಬಳ ಸವೆಯುವ ರೀತಿ ಮಾತ್ರ ಬೇರೆ. ನನ್ನ ಮಗಳು ಮಾತಾಡಲು ಕಲಿತ ವರ್ಷ ನಾನು ತಿಂಗಳಿಗೆ ಮೂರೋ ನಾಲ್ಕೋ ರಾತ್ರಿ ಮನೆಯಲ್ಲಿದ್ದೆ. 'ಅಪ್ಪ' ಅನ್ನೋದನ್ನು ಅವಳು ಮೊದಲು ಅಂದದ್ದು ನನ್ನ ಖಾಕಿ ಷರಟು ನೋಡಿ. ಹಗ್ಗದ ಮೇಲೆ ಒಣಗಲು ಹಾಕಿದ್ದ ಷರಟು ಅದು. ಹೆಂಡತಿ ಹೇಳಿದ್ದು ಇದು, ನಾನು ನೋಡಲಿಲ್ಲ. ಇದಕ್ಕೆ ಯಾವ ಭತ್ಯೆಯೂ ಇಲ್ಲ.

ಈಗ ಕೋರ್ಟಿನ ವಿಷಯ. ಅರ್ಜಿ ಹಾಕುವಾಗ ಇದನ್ನು ಯಾರೂ ನಿಮಗೆ ಹೇಳಿರಲ್ಲ.

2009ರಲ್ಲಿ ನಾವೊಂದು ಜಿಂಕೆ ಕೇಸು ಹಿಡಿದೆವು. ಬೈಕಿನ ಕ್ಲಚ್ ವೈರಿನಲ್ಲಿ ಮಾಡಿದ ಉರುಳು. ಬೇಲಿಯ ಕಂಡಿಯಲ್ಲಿ ಕಟ್ಟಿದ್ದರು. ಜಿಂಕೆ ಸತ್ತು ಇನ್ನೂ ಮೈ ಬಿಸಿ ಇತ್ತು. ವೈರು ಕತ್ತಿನ ಕೂದಲೊಳಗೆ ಎಷ್ಟು ಇಳಿದಿತ್ತೆಂದರೆ ಬೆರಳಲ್ಲಿ ತಡವಿದರೂ ಸಿಗಲಿಲ್ಲ. ಇಬ್ಬರು ಸಿಕ್ಕರು. ನಾನೇ ಮಹಜರು ಬರೆದೆ. ತಂತಿ ಎಷ್ಟುದ್ದ ಅಂತ ಅಳೆಯದೆ 'ಸುಮಾರು ಒಂದು ಮಾರು' ಅಂತ ಬರೆದುಬಿಟ್ಟೆ. ಟೇಪು ಜೇಬಲ್ಲೇ ಇತ್ತು. ಕತ್ತಲು, ಚಳಿ, ಆನೆ ಬೇರೆ ಹತ್ತಿರದಲ್ಲೇ ಘೀಳಿಡುತ್ತಿತ್ತು. ಬೇಗ ಮುಗಿಸಿ ಹೊರಡೋಣ ಅನ್ನಿಸಿತು.

ಮುಂದೆ ನನಗೆ ಭದ್ರಾ ಕಡೆಗೆ ವರ್ಗ ಆಯಿತು. ಕೇಸು ಮಾತ್ರ ಇಲ್ಲೇ. ಸಮನ್ಸ್ ಬಂದಾಗಲೆಲ್ಲ ರಾತ್ರಿ ಬಸ್ಸು ಹತ್ತಿ ಬರಬೇಕು. ಒಂದಲ್ಲ ಎರಡಲ್ಲ, ಒಂಬತ್ತು ಸಲ ಬಂದೆ. ಒಮ್ಮೆ ವಕೀಲರಿಲ್ಲ, ಒಮ್ಮೆ ಆರೋಪಿ ಇಲ್ಲ, ಒಮ್ಮೆ ಸಾಹೇಬರು ರಜೆ. ಒಂಬತ್ತನೇ ಸಲ ಸಾಕ್ಷಿ ಹೇಳಿದೆ. ಜಪ್ತಿ ಮಾಡಿದ ತಂತಿಯನ್ನು ಅಲ್ಲೇ ಅಳೆದರು. ಒಂದು ಮಾರಿಗಿಂತ ಬಹಳ ಗಿಡ್ಡ. 'ಇದು ಆ ತಂತಿಯೇ ಅಂತ ಹೇಗೆ ನಂಬೋದು?' ಅಂತ ಎದುರು ವಕೀಲರು ಕೇಳಿದರು. ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದ್ದ ಪಂಚರಲ್ಲಿ ಒಬ್ಬ ಅಷ್ಟು ಹೊತ್ತಿಗೆ ತಿರುಗಿಬಿದ್ದಿದ್ದ. ಕೇಸು ಬಿದ್ದುಹೋಯಿತು. ತಪ್ಪು ನನ್ನದು. ಇವತ್ತಿಗೂ ಆ ತಂತಿ ಕಣ್ಣಿಗೆ ಕಟ್ಟಿದ ಹಾಗಿದೆ.

ಇದಕ್ಕೂ ಸಂಬಳಕ್ಕೂ ಏನು ಸಂಬಂಧ ಅನ್ನಬಹುದು. ಇದೆ. ಕೋರ್ಟಿಗೆ ಹೋಗುವುದು ಡ್ಯೂಟಿ. ಪ್ರಯಾಣ ಭತ್ಯೆ, ದಿನಭತ್ಯೆ ನಿಮ್ಮ ಹಕ್ಕು. ನನ್ನ ಟಿಎ ಬಿಲ್ಲು ಎರಡು ಸಲ ವಾಪಸ್ ಬಂತು, ಕೋರ್ಟಿನ ಹಾಜರಾತಿ ಪತ್ರ ಲಗತ್ತಿಸಿಲ್ಲ ಅಂತ. ಆ ಪತ್ರ ತೆಗೆದುಕೊಳ್ಳಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ. ಒಂಬತ್ತು ಪ್ರಯಾಣದಲ್ಲಿ ಆರರ ಖರ್ಚು ನನ್ನ ಕೈಯಿಂದಲೇ ಹೋಯಿತು. ನೀವು ಸೇರಿದರೆ ಮೊದಲ ದಿನದಿಂದಲೇ ಇದು ಅಭ್ಯಾಸ ಮಾಡಿಕೊಳ್ಳಿ. ಕೋರ್ಟಿನಿಂದ ಹೊರಡುವ ಮೊದಲು ಹಾಜರಾತಿ ಪತ್ರ ಕೈಯಲ್ಲಿರಬೇಕು, ಬಿಲ್ಲು ಆ ತಿಂಗಳೇ ಹಾಕಬೇಕು. ಹಾಗೇ, ಉರುಳನ್ನು ಅಳೆದೇ ಬರೆಯಬೇಕು.

ಕೇಸು ಹಿಡಿದರೆ ಬಹುಮಾನ ಇದೆಯಾ ಅಂತ ಹುಡುಗರು ಕೇಳುತ್ತಾರೆ. ವನ್ಯಜೀವಿ ಕಾಯ್ದೆಯ 60ಎ ಸೆಕ್ಷನ್ ಪ್ರಕಾರ ಅಪರಾಧ ಪತ್ತೆಗೆ ನೆರವಾದವರಿಗೆ ದಂಡದ ಮೊತ್ತದಲ್ಲಿ 50 ಪರ್ಸೆಂಟ್‌ವರೆಗೆ ಬಹುಮಾನ ಕೊಡಿ ಅಂತ ಕೋರ್ಟು ಆದೇಶ ಮಾಡಬಹುದು. ಆದರೆ ದಂಡ ಬೀಳಬೇಕಾದರೆ ಶಿಕ್ಷೆ ಆಗಬೇಕು, ಶಿಕ್ಷೆ ಆಗೋಕೆ ವರ್ಷಗಳು ಬೇಕು. ನನ್ನ ಸರ್ವಿಸಿನಲ್ಲಿ ನನ್ನ ಜೊತೆಯವರು ಯಾರೂ ಇದನ್ನು ಕಂಡದ್ದಿಲ್ಲ. ಮುಖ್ಯಮಂತ್ರಿ ಪದಕ ಇದೆ, ಅದು ಬಂದರೆ ಊರಲ್ಲಿ ಮರ್ಯಾದೆ. ಬಹುಮಾನ ನಂಬಿಕೊಂಡು ಈ ಕೆಲಸಕ್ಕೆ ಬರಬೇಡಿ.

ಹೇಳೋಕೆ ಕಷ್ಟ ಆಗುವ ಭಾಗಕ್ಕೆ ಬಂದೆ. 1991ರ ನವೆಂಬರ್ 10. ಡಿಸಿಎಫ್, ಅಂದರೆ ಉಪ ಅರಣ್ಯ ಸಂರಕ್ಷಣಾಧಿಕಾರಿ, ಶ್ರೀನಿವಾಸ್ ಅವರನ್ನು ವೀರಪ್ಪನ್ ಕೊಂದ ದಿನ. ಶರಣಾಗುತ್ತೇನೆ ಅಂದಿದ್ದನ್ನು ನಂಬಿ, ಆಯುಧ ಇಲ್ಲದೆ ಹೋಗಿದ್ದರು. ಅವರಿಗೆ ಕೀರ್ತಿಚಕ್ರ ಬಂತು, ಮರಣೋತ್ತರವಾಗಿ. ನಾನಾಗ ಮೂರು ವರ್ಷದ ಗಾರ್ಡ್. ಸುದ್ದಿ ವೈರ್‌ಲೆಸ್‌ನಲ್ಲಿ ಬಂದಾಗ ಶಿಬಿರದಲ್ಲಿ ಯಾರೂ ಅನ್ನ ಮುಟ್ಟಲಿಲ್ಲ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡ್ಗಿಚ್ಚಿನಲ್ಲಿ ಒಬ್ಬ ಗಾರ್ಡ್ ತೀರಿಹೋದರು, ನಿಮ್ಮ ಥರದ್ದೇ ಎಳೆ ವಯಸ್ಸು. 2018ರ ಮಾರ್ಚ್ 3ರಂದು ನಾಗರಹೊಳೆಯ ನಿರ್ದೇಶಕರಾಗಿದ್ದ ಮಣಿಕಂದನ್ ಅವರು ಆನೆ ದಾಳಿಗೆ ಸಿಕ್ಕರು. ದೊಡ್ಡ ಹುದ್ದೆ, ಚಿಕ್ಕ ಹುದ್ದೆ ಅಂತ ಕಾಡು ನೋಡುವುದಿಲ್ಲ.

ಡ್ಯೂಟಿಯಲ್ಲಿ ಸತ್ತರೆ ಕುಟುಂಬಕ್ಕೆ ಕೊಡುವ ಪರಿಹಾರವನ್ನು ರಾಜ್ಯ ಸರ್ಕಾರ 30 ಲಕ್ಷದಿಂದ 50 ಲಕ್ಷಕ್ಕೆ ಏರಿಸಿದೆ. ಅನುಕಂಪದ ಆಧಾರದ ಮೇಲೆ ಮನೆಯವರಲ್ಲಿ ಒಬ್ಬರಿಗೆ ಕೆಲಸ, ಅದಕ್ಕೆ ಸಾವಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. 2021ರಿಂದ ಮದುವೆಯಾದ ಮಗಳೂ ಹಾಕಬಹುದು. ಇದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. 'ಮಗಳಿಗೆ ಮದುವೆ ಆಗಿದೆಯಲ್ಲ' ಅಂತ ಸುಮ್ನೆ ಕೂತುಬಿಡುತ್ತಾರೆ.

ನನ್ನ ಜೊತೆಗಿದ್ದ ಒಬ್ಬ ಗಾರ್ಡ್ ಆನೆ ಓಡಿಸುವಾಗ ತೀರಿಕೊಂಡ. ಮೂರನೇ ದಿನ ಅವನ ಹೆಂಡತಿಯನ್ನು ಕರೆದುಕೊಂಡು ನಾನೇ ಕಚೇರಿಗೆ ಹೋದೆ. ಸೇವಾ ಪುಸ್ತಕ ತೆಗೆದರು. ನಾಮಿನಿ ಅನ್ನುವ ಕಡೆ ಅವನ ತಂದೆಯ ಹೆಸರು. ಸೇರುವಾಗ ಮದುವೆ ಆಗಿರಲಿಲ್ಲ, ತಂದೆ ಹೆಸರು ಬರೆದಿದ್ದ. ತಂದೆ ಸತ್ತು ಆರು ವರ್ಷವಾಗಿತ್ತು. ಮದುವೆಯಾದ ಮೇಲೆ ಯಾರೂ ಅದನ್ನು ತಿದ್ದಿಸಿರಲಿಲ್ಲ. ಆ ಹೆಣ್ಣುಮಗಳು ವಾರಸುದಾರಿಕೆ ಸರ್ಟಿಫಿಕೇಟು, ಅಫಿಡವಿಟ್ಟು ಅಂತ ಹದಿನಾಲ್ಕು ತಿಂಗಳು ಅಲೆದಳು, ಕಂಕುಳಲ್ಲಿ ಮಗು ಹೊತ್ತುಕೊಂಡು. ಹಣ ಬಂತು. ಆದರೆ ಆ ಹದಿನಾಲ್ಕು ತಿಂಗಳು ಅವಳು ತವರಿನಲ್ಲಿ ಅಣ್ಣ ಅತ್ತಿಗೆಯ ಮುಖ ನೋಡಿಕೊಂಡು ಬದುಕಿದಳು. ಅದಾದ ಮೇಲೆ ನನ್ನ ಕೈಕೆಳಗೆ ಯಾರಿಗೇ ಮದುವೆಯಾದರೂ ಊಟ ಮಾಡಿ ಬರುವಾಗ ಒಂದೇ ಮಾತು ಹೇಳುತ್ತಿದ್ದೆ, ನಾಳೆ ಕಚೇರಿಗೆ ಹೋಗಿ ನಾಮಿನಿ ಬದಲಾಯಿಸು.

ಇಲ್ಲಿವರೆಗೆ ಹೇಳಿದ್ದು ಖಾಯಂ ನೌಕರರದ್ದು. ಸಾಲಿನಲ್ಲಿ ಮುಂದೆ ನಡೆಯುವವನ ಮಾತು ಬಾಕಿ ಇದೆ.

ನಾನು ಕಾಡು ಓದಲು ಕಲಿತದ್ದು ಗುಂಗರಗಟ್ಟಿಯ ತರಬೇತಿಯಲ್ಲಲ್ಲ. ಜೇನುಕುರುಬರ ಒಬ್ಬ ವಾಚರ್ ಹಿಂದೆ ನಡೆದು ಕಲಿತೆ. ಅವರು ಯಾವಾಗಲೂ ಮುಂದೆ, ನಾನು ಬಂದೂಕು ಹಿಡಿದು ಹಿಂದೆ. ಮುರಿದ ಹುಲ್ಲಿನ ಕಡ್ಡಿ ಮುಟ್ಟಿ ನೋಡಿ, 'ಮೂರು ಜನ ಸ್ವಾಮಿ, ಒಬ್ಬನ ಹೆಗಲಲ್ಲಿ ಭಾರ ಐತೆ' ಅನ್ನುತ್ತಿದ್ದರು. ಹಾಗೇ ಇರುತ್ತಿತ್ತು. ಇಪ್ಪತ್ತೆರಡು ವರ್ಷ ಕಾಡಲ್ಲಿ ದುಡಿದರು. ಮೊದಲು ದಿನಗೂಲಿ, ಆಮೇಲೆ ಏಜೆನ್ಸಿ ಮೂಲಕ. ಅದೇ ಮಳೆ, ಅದೇ ಆನೆ, ಅದೇ ಬೇಟೆಗಾರನ ಬಂದೂಕು. ನನಗೆ ಬರುತ್ತಿದ್ದುದರಲ್ಲಿ ಮೂರನೇ ಒಂದು ಪಾಲೂ ಅವರಿಗೆ ಬರುತ್ತಿರಲಿಲ್ಲ. ಬರುವುದೂ ಎರಡು ತಿಂಗಳು, ಮೂರು ತಿಂಗಳು ತಡವಾಗಿ. 2022ರ ಗಣತಿಯಲ್ಲಿ ಕರ್ನಾಟಕದಲ್ಲಿ 563 ಹುಲಿ ಇವೆ ಅಂತ ಲೆಕ್ಕ ಬಂತು. ಪೇಪರಿನಲ್ಲಿ ಓದಿ ಸಂತೋಷ ಆಯಿತು. ನನಗೆ ಮೊದಲು ನೆನಪಾದದ್ದು ಅವರ ಬರಿಗಾಲು.

ನಿಮ್ಮಲ್ಲಿ ಎಷ್ಟೋ ಜನರ ಅಪ್ಪ, ಅಣ್ಣ ಹೀಗೆ ಹೊರಗುತ್ತಿಗೆಯಲ್ಲಿ ಇದ್ದಾರೆ ಅಂತ ಗೊತ್ತು. ಅವರಿಗೂ ಹಕ್ಕುಗಳಿವೆ. ಪಿಎಫ್‌ಗೆ ಅವರ ಕೂಲಿಯಲ್ಲಿ 12 ಪರ್ಸೆಂಟ್ ಹಿಡಿದರೆ ಏಜೆನ್ಸಿಯೂ ಅಷ್ಟೇ ಹಾಕಬೇಕು. ಪಿಎಫ್ ಇದ್ದವರು ಕೆಲಸದಲ್ಲಿರುವಾಗ ಸತ್ತರೆ ಅದರ ಜೊತೆಗಿನ ವಿಮೆಯಿಂದ ಮನೆಯವರಿಗೆ 7 ಲಕ್ಷದವರೆಗೆ ಬರುತ್ತದೆ. ತಿಂಗಳ ಕೂಲಿ 21,000 ದಾಟದವರಿಗೆ ಕಾರ್ಮಿಕರ ವಿಮೆಯಾದ ಇಎಸ್‌ಐ. ಕೆಲಸದ ಪೆಟ್ಟಿನಿಂದ ಪ್ರಾಣ ಹೋದರೆ ಅವಲಂಬಿತರಿಗೆ ಸರಾಸರಿ ಕೂಲಿಯ 90 ಪರ್ಸೆಂಟ್ ಲೆಕ್ಕದಲ್ಲಿ ತಿಂಗಳು ತಿಂಗಳು ಕೊಡುತ್ತಾರೆ. ಆದರೆ ಇದೆಲ್ಲ ಯಾವಾಗ? ಏಜೆನ್ಸಿ ನಿಜವಾಗಿ ದುಡ್ಡು ಕಟ್ಟಿದ್ದರೆ. ಕೂಲಿಯಲ್ಲಿ ಹಿಡಿದು, ಅಲ್ಲಿ ಕಟ್ಟದೇ ಇರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹುಲಿ ಉಳಿಸುವ ಸರ್ಕಾರ ಈ ಜನರನ್ನು ಖಾಯಂ ಮಾಡಿಕೊಳ್ಳಬೇಕು. ಅದಾಗುವವರೆಗೆ ಅವರ ಕೂಲಿ ಪ್ರತಿ ತಿಂಗಳೂ ನಿಗದಿತ ದಿನಕ್ಕೆ ಬರಬೇಕು. ಇದನ್ನು ನಾನು ಸರ್ವಿಸಿನಲ್ಲಿದ್ದಾಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ.

ಮಾತು ಮುಗಿದ ಮೇಲೆ ಪ್ರಶ್ನೆ ಕೇಳಿ ಅಂದರು. ದೈಹಿಕ ಪರೀಕ್ಷೆ ಬಗ್ಗೆ ಕೇಳಿದರು, ಹೆಣ್ಣುಮಕ್ಕಳನ್ನು ಶಿಬಿರಕ್ಕೆ ಹಾಕ್ತಾರಾ ಅಂತ ಕೇಳಿದರು. ಹಾಕ್ತಾರೆ. ಬೀಟು ನೋಡಿಕೊಳ್ಳುವ ಹೆಣ್ಣುಮಕ್ಕಳು ಈಗ ಬೇಕಾದಷ್ಟಿದ್ದಾರೆ. ಎಷ್ಟೋ ಕಡೆ ಅವರಿಗೆ ಸರಿಯಾದ ಶೌಚಾಲಯ ಇನ್ನೂ ಆಗಿಲ್ಲ, ಅದು ಆಗಬೇಕು ಅಂದೆ.

ಎಲ್ಲರೂ ಹೋದ ಮೇಲೆ ಒಬ್ಬ ಹುಡುಗಿ ಮೆಟ್ಟಿಲ ಹತ್ತಿರ ನಿಂತಿದ್ದಳು. 'ಸರ್, ನಮ್ಮಪ್ಪ ವಾಚರ್. ಹನ್ನೊಂದು ವರ್ಷ ಆಯ್ತು. ಪಿಎಫ್ ಕಟ್ಟಿದಾರಾ ಅಂತ ಹೆಂಗೆ ನೋಡೋದು?' ಅಂದಳು. ಅಲ್ಲೇ ಮೆಟ್ಟಿಲ ಮೇಲೆ ಕೂತೆವು. ಅವಳ ಮೊಬೈಲಿನಲ್ಲಿ ಅಪ್ಪನ ಯುಎಎನ್, ಅಂದರೆ ಪಿಎಫ್ ಖಾತೆಯ ನಂಬರಿನ ಫೋಟೋ ಇತ್ತು. ಯಾವುದೋ ಹಳೇ ಚೀಟಿಯದ್ದು, ಅಂಚು ಮಡಚಿತ್ತು, ಕೊನೆಯ ಅಂಕೆ ಒಂದೋ ಏಳೋ ತಿಳಿಯುತ್ತಿರಲಿಲ್ಲ. ಎರಡೂ ಹಾಕಿ ನೋಡಿದೆವು. ಏಳು ಹಾಕಿದಾಗ ಮುಂದಕ್ಕೆ ಹೋಯಿತು. ಓಟಿಪಿ ಕೇಳಿತು. ಓಟಿಪಿ ಹೋಗುವುದು ಅಪ್ಪನ ಮೊಬೈಲಿಗೆ. ಅಪ್ಪ ಕ್ಯಾಂಪಿನಲ್ಲಿ, ಅಲ್ಲಿ ಸಿಗ್ನಲ್ ಇಲ್ಲ.

ಭಾನುವಾರ ರೇಷನ್ ತರೋಕೆ ಇಳಿದು ಬರುತ್ತಾರಂತೆ. ಅಪ್ಪನನ್ನೂ ಕರೆದುಕೊಂಡು ಬಾ ಮಗಳೇ, ಸಂಜೆ ನಾಲ್ಕಕ್ಕೆ ಮನೆಯಲ್ಲೇ ಇರುತ್ತೇನೆ ಅಂದಿದ್ದೇನೆ.